ಲೈನ್ ಬಜಾರಿನ ಠಾಕೂರರು

ಮಕ್ಕಳೇ, ನ್ಯೂಯಾರ್ಕಿನ ಲಿಟಲ್ ಇಟಲಿಯಲ್ಲಿ ಡಿ ಪಾಲೋ ಎಂಬ ಹಳೆಯ ಅಂಗಡಿಯಿದೆ. ಇಟಲಿಯ ಬಸಿಲಿಕಾಟಾ ಸೀಮೆಯಿಂದ ವಲಸೆ ಬಂದ ಸವಿನೋ ಡಿ ಪಾಲೋ 1910ರಲ್ಲಿ ಅಲ್ಲಿ ಹಾಲು, ಚೀಸ್ ಮಾರಲು ಶುರುಮಾಡಿದರು. ಇವತ್ತಿಗೂ ಆ ವ್ಯಾಪಾರ ಅವರ ವಂಶದವರ ಕೈಯಲ್ಲೇ ಇದೆ. ಊರು ಬಿಟ್ಟು ಬಂದು ಹಾಲನ್ನು ನಂಬಿ ಬದುಕಿದ ಇಂಥದೇ ಒಂದು ಮನೆತನ ನಮ್ಮ ಧಾರವಾಡದಲ್ಲಿದೆ. ಅದು ಡಿ ಪಾಲೋಗಿಂತ ಹಳೆಯದು.

ಧಾರವಾಡ ಪೇಡೆಯನ್ನು ನೀವೆಲ್ಲ ತಿಂದಿರುತ್ತೀರಿ. ಊರಿಂದ ಬರುವವರ ಸೂಟ್‌ಕೇಸಿನಲ್ಲಿ ಒಂದು ಡಬ್ಬಿಯಾದರೂ ಇದ್ದೇ ಇರುತ್ತದೆ. ಆದರೆ ಅದನ್ನು ಧಾರವಾಡಕ್ಕೆ ತಂದವರ ಮನೆಮಾತು ಕನ್ನಡವಾಗಿರಲಿಲ್ಲ. ಅವರು ಉತ್ತರ ಪ್ರದೇಶದ ಉನ್ನಾವ್ ಕಡೆಯ ಠಾಕೂರರು. ಹತ್ತೊಂಬತ್ತನೇ ಶತಮಾನದಲ್ಲಿ ಪ್ಲೇಗಿಗೆ ಹೆದರಿ ಊರು ಬಿಟ್ಟರೆಂದು ಹೇಳುತ್ತಾರೆ. ಧಾರವಾಡಕ್ಕೆ ಬಂದು ನಿಂತ ಮೇಲೆ ರಾಮರತನ್ ಸಿಂಗ್ ಠಾಕೂರ್ ಹೊಟ್ಟೆಪಾಡಿಗಾಗಿ ತಮಗೆ ಗೊತ್ತಿದ್ದ ಪೇಡೆ ಮಾಡಿ ಮಾರತೊಡಗಿದರು. ಮೊಮ್ಮಗ ಬಾಬುಸಿಂಗ್ ಠಾಕೂರರ ಕಾಲಕ್ಕೆ ಅದು ಇಡೀ ಸೀಮೆಯಲ್ಲಿ ಹೆಸರಾಯಿತು. ಅಂಗಡಿ ಇದ್ದದ್ದು ಲೈನ್ ಬಜಾರಿನಲ್ಲಿ. ಜನ ಅದನ್ನು ಲೈನ್ ಬಜಾರ್ ಪೇಡೆ ಎಂದೇ ಕರೆದರು.

ಮಥುರೆಯಲ್ಲೂ ಪೇಡೆ ಪ್ರಸಿದ್ಧ. ಧಾರವಾಡದ್ದರ ಬಣ್ಣ ಬೇರೆ, ಪರಿಮಳ ಬೇರೆ. ಹಾಲನ್ನು ಕುದಿಸಿ ಕುದಿಸಿ ಖೋವಾ ಮಾಡುತ್ತಾರೆ. ಆ ಖೋವಾವನ್ನು ಸಕ್ಕರೆಯೊಂದಿಗೆ ದೊಡ್ಡ ಕಡಾಯಿಯಲ್ಲಿ ಹಾಕಿ, ಕೈಬಿಡದೆ ತಿರುವುತ್ತ, ಕಂದುಬಣ್ಣಕ್ಕೆ ಬರುವವರೆಗೂ ಹುರಿಯುತ್ತಾರೆ. ಒಲೆಯ ಮುಂದೆ ತಾಸುಗಟ್ಟಲೆ ನಿಲ್ಲುವ ಕೆಲಸವಿದು. ಉರಿ ಸ್ವಲ್ಪ ಹೆಚ್ಚಾದರೆ ಸೀದುಹೋಗುತ್ತದೆ, ಅವಸರಪಟ್ಟರೆ ಹಸಿ ಉಳಿಯುತ್ತದೆ. ಹದ ಬಂದ ಮೇಲೆ ಉಂಡೆ ಕಟ್ಟಿ ಸಕ್ಕರೆ ಪುಡಿಯಲ್ಲಿ ಹೊರಳಿಸುತ್ತಾರೆ. ನೀರಿನಂಶ ಬಹಳ ಮಟ್ಟಿಗೆ ಆರಿಹೋಗಿರುವುದರಿಂದಲೇ ಅದು ಕೆಡದೆ ನಿಮ್ಮ ಮನೆಯವರೆಗೆ ಬರುತ್ತದೆ.

ಇದರಲ್ಲಿ ಎಮ್ಮೆಗಳ ಪಾಲೂ ಇದೆ, ಅವನ್ನು ಸಾಕುವ ಗೌಳಿಗರ ಪಾಲೂ ಇದೆ. ಅರ್ಧಚಂದ್ರದ ಕೊಂಬಿನ ಧಾರವಾಡಿ ಎಮ್ಮೆಯ ಹಾಲು ಗಟ್ಟಿ. 2021ರಲ್ಲಿ ಈ ಎಮ್ಮೆಗೆ ಪ್ರತ್ಯೇಕ ತಳಿಯೆಂಬ ಮಾನ್ಯತೆ ಸಿಕ್ಕಿತು. ಪೇಡೆಯ ಹೆಸರು ಹೇಳುವವರು ಗೌಳಿಗರ ಹೆಸರನ್ನು ಮರೆಯುತ್ತಾರೆ, ಅದು ಸರಿಯಲ್ಲ.

ಠಾಕೂರರ ವಿಷಯದಲ್ಲಿ ನನಗೆ ಬಹಳ ಹಿಡಿಸುವ ಮಾತೊಂದಿದೆ. ಬೇಡಿಕೆ ಎಷ್ಟೇ ಬೆಳೆದರೂ ಬಹುಕಾಲ ಅವರು ಅಂಗಡಿಗಳನ್ನು ಹೆಚ್ಚಿಸಲಿಲ್ಲ. ಮಾಡಿದಷ್ಟು ಮಾರುವುದು, ಮುಗಿದರೆ ಬಾಗಿಲು ಹಾಕುವುದು. ಅದಕ್ಕೇ ಬಾಗಿಲು ತೆರೆಯುವ ಮೊದಲೇ ಜನ ಬಂದು ಪಾಳಿಯಲ್ಲಿ ನಿಲ್ಲುತ್ತಿದ್ದರು. ಪೇಡೆಯನ್ನು ಊರೂರಿಗೆ ಮುಟ್ಟಿಸಿದ್ದು ಇನ್ನೊಂದು ಮನೆತನ, 1933ರಲ್ಲಿ ವ್ಯಾಪಾರ ಶುರುಮಾಡಿದ ಮಿಶ್ರಾ ಅವರದು. ಅವರೂ ಉತ್ತರ ಪ್ರದೇಶದಿಂದಲೇ ಬಂದವರು. ಈಗ ಧಾರವಾಡ ಪೇಡೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಇದೆ, ಅಂದರೆ ಆ ಹೆಸರು ಕಾನೂನಿನ ಪ್ರಕಾರ ಧಾರವಾಡದ್ದೇ.

ನಮ್ಮ ಕೂಟದಲ್ಲಿ ತೆಲಂಗಾಣದ ಜೂರಾಲ ಅಣೆಕಟ್ಟೆಯ ಸುತ್ತಲಿನ ಮಖ್ತಲ್, ನಾರಾಯಣಪೇಟೆ, ಗದ್ವಾಲ ಕಡೆಯ ಮಕ್ಕಳೂ ಇದ್ದೀರಿ. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು ಆಡುತ್ತ ಬೆಳೆದ ನಿಮ್ಮ ಅಜ್ಜ ಅಜ್ಜಿಯರಿಗೆ ಠಾಕೂರರ ಕಥೆ ಬೇಗ ಅರ್ಥವಾಗುತ್ತದೆ. ಅವರನ್ನು ಕೇಳಿ: ನಿಮ್ಮ ಊರಿನಲ್ಲಿ ಹೊರಗಿನಿಂದ ಬಂದು ನೆಲೆಸಿದವರು ಯಾರು, ಅವರು ಏನು ಮಾಡಿ ಮಾರುತ್ತಿದ್ದರು? ಅವರು ಹೇಳಿದ್ದನ್ನು ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕೋಣ. ಧಾರವಾಡಕ್ಕೆ ಹೋದಾಗ ಮಾತ್ರ ಲೈನ್ ಬಜಾರಿಗೆ ಬೆಳಿಗ್ಗೆಯೇ ಹೋಗಿ, ಪೇಡೆಯನ್ನು ಕನ್ನಡದಲ್ಲೇ ಕೇಳಿ ತನ್ನಿ.