ಜಹಾಂಗೀರ್ ಬಾದಶಹ ನಕಲಿ ಮಾಣಿಕ್ಯಕ್ಕೆ ಮೋಸ ಹೋಗಿದ್ದನೇ?

ಬ್ರಿಟನ್ ರಾಜಮನೆತನದ ಸಂಗ್ರಹದಲ್ಲಿರುವ ತೈಮೂರ್ ರೂಬಿ ಎಂಬ ದೊಡ್ಡ ಕೆಂಪು ಹರಳು ನಿಜಕ್ಕೂ ಮಾಣಿಕ್ಯವಲ್ಲ, ಸ್ಪಿನೆಲ್. ಇಷ್ಟು ಸರಿ. ಆದರೆ ಇದರ ಜೊತೆಗೆ ಇನ್ನೊಂದು ಮಾತೂ ಸೇರಿಕೊಂಡು ಓಡಾಡುತ್ತದೆ: ಮೊಘಲ್ ದೊರೆಗಳಿಗೆ ಕಲ್ಲಿನ ಗುರುತು ಸಿಗದೆ, ನಕಲಿಯನ್ನೇ ಮಾಣಿಕ್ಯ ಎಂದು ನಂಬಿ ಖಜಾನೆ ತುಂಬಿಸಿಕೊಂಡರಂತೆ. ಆ ಹರಳಿನ ಮೇಲೆ ಹೆಸರು ಕೆತ್ತಿಸಿದವರಲ್ಲಿ ಜಹಾಂಗೀರ್ ಒಬ್ಬ. ಆತನ ಬದುಕನ್ನು ನೋಡಿದರೆ ಈ ಮಾತು ನಿಲ್ಲುವುದಿಲ್ಲ.

ಆತ ಹುಟ್ಟಿದ್ದು 1569ರಲ್ಲಿ, ಫತೇಪುರ್ ಸಿಕ್ರಿಯಲ್ಲಿ. ಗಂಡು ಸಂತಾನಕ್ಕಾಗಿ ಅಕ್ಬರ್ ಮೊರೆಹೋಗಿದ್ದ ಸೂಫಿ ಸಂತ ಸಲೀಂ ಚಿಶ್ತಿಯ ನೆನಪಿಗೆ ಮಗುವಿಗೆ ಸಲೀಂ ಎಂದೇ ಹೆಸರಿಟ್ಟರು. ಅಕ್ಬರನ ಖಜಾನೆ ಹೇಗಿತ್ತು ಎಂಬುದನ್ನು ಅಬುಲ್ ಫಜಲ್ ಐನ್-ಇ-ಅಕ್ಬರಿಯಲ್ಲಿ ಬರೆದಿಟ್ಟಿದ್ದಾನೆ. ಅಲ್ಲಿ ಲಾಲ್ ಒಂದು ವರ್ಗ, ಯಾಕೂತ್ ಇನ್ನೊಂದು ವರ್ಗ. ಲಾಲ್ ಎಂದರೆ ಇಂದಿನ ಸ್ಪಿನೆಲ್, ಕೆಂಪು ಯಾಕೂತ್ ಎಂದರೆ ಮಾಣಿಕ್ಯ. ಅಂದರೆ ಸಲೀಂ ಬೆಳೆದ ಮನೆಯಲ್ಲೇ ಎರಡೂ ಬೇರೆ ಬೇರೆ ಎಂಬುದು ಗೊತ್ತಿತ್ತು. (ಇದೇ ಅಬುಲ್ ಫಜಲ್‌ನನ್ನು 1602ರಲ್ಲಿ ಸಲೀಂ ಕೊಲ್ಲಿಸಿದ. ಒಳ್ಳೆಯವನ ಕಥೆ ಹೇಳಲು ನಾವು ಹೊರಟಿಲ್ಲ.)

ಇದು ಮೊಘಲರು ಕಂಡುಹಿಡಿದ ವಿದ್ಯೆಯೂ ಅಲ್ಲ. ಲಾಲ್ ಬರುತ್ತಿದ್ದದ್ದು ಬದಖ್ಶಾನ್‌ನಿಂದ, ಈಗಿನ ತಜಿಕಿಸ್ತಾನದ ಗಣಿಗಳಿಂದ. ಅದು ಯಾಕೂತ್‌ಗಿಂತ ಮೆದು ಎಂದು ಅಲ್ ಬಿರೂನಿ 11ನೇ ಶತಮಾನದಲ್ಲೇ ಬರೆದಿದ್ದ. ಇಂದಿನ ಅಳತೆಯಲ್ಲೂ ಅದು ಸರಿಯೇ: ಗಡಸುತನದ ಮೋಸ್ ಮಾಪಕದಲ್ಲಿ ಮಾಣಿಕ್ಯ 9, ಸ್ಪಿನೆಲ್ 8. ಮಾಣಿಕ್ಯ ಅಲ್ಯೂಮಿನಿಯಂ ಆಕ್ಸೈಡ್. ಸ್ಪಿನೆಲ್‌ನಲ್ಲಿ ಅದರ ಜೊತೆ ಮೆಗ್ನೀಸಿಯಂ ಕೂಡ ಇರುತ್ತದೆ. ಎರಡಕ್ಕೂ ಕೆಂಪು ಬಣ್ಣ ಕೊಡುವುದು ಚೂರೇ ಚೂರು ಕ್ರೋಮಿಯಂ. ಕಣ್ಣಿಗೆ ಒಂದೇ ಥರ ಕಾಣುವುದು ಅದಕ್ಕೇ. ಎರಡನ್ನೂ ಒಂದೇ ಹೆಸರಿನಿಂದ ಕರೆದು ಗೊಂದಲ ಮಾಡಿಕೊಂಡದ್ದು ಯುರೋಪ್. ಅಲ್ಲಿ ರೋಮೆ ದ ಲಿಲ್ ಎಂಬ ಫ್ರೆಂಚ್ ವಿಜ್ಞಾನಿ ಇವೆರಡೂ ಬೇರೆ ಖನಿಜಗಳು ಎಂದು ಸ್ಪಷ್ಟಪಡಿಸುವ ಹೊತ್ತಿಗೆ 1783 ಆಗಿತ್ತು.

1605ರಲ್ಲಿ ಪಟ್ಟಕ್ಕೆ ಬಂದ ಸಲೀಂ, ಜಹಾಂಗೀರ್ ಎಂಬ ಹೆಸರು ಇಟ್ಟುಕೊಂಡ. ಮದ್ಯ, ಅಫೀಮು ಎರಡರ ಚಟವೂ ಇತ್ತು. ಮರುವರ್ಷವೇ ಸಿಖ್ಖರ ಗುರು ಅರ್ಜನ್ ದೇವ್ ಅವರ ಸಾವಿಗೆ ಕಾರಣನಾದ. ಆದರೆ ಕೇಳಿದ್ದನ್ನು ಪರೀಕ್ಷಿಸದೆ ಬಿಡುವ ಜಾಯಮಾನ ಆತನದಲ್ಲ. ಮುರಿದ ಮೂಳೆ ಕೂಡಿಸುತ್ತದೆ ಎಂದು ಹೆಸರಾಗಿದ್ದ ಮೋಮಿಯಾಯಿ ಎಂಬ ಔಷಧ ಕೈಗೆ ಬಂದಾಗ ಕೋಳಿಯೊಂದರ ಕಾಲು ಮುರಿಸಿ, ಹೇಳಿದ್ದಕ್ಕಿಂತ ಹೆಚ್ಚೇ ಕುಡಿಸಿ, ಗಾಯಕ್ಕೂ ಹಚ್ಚಿಸಿ ಮೂರು ದಿನ ಕಾದ. ಏನೂ ಆಗಲಿಲ್ಲ ಎಂದು ತನ್ನ ಆತ್ಮಕಥೆಯಲ್ಲಿ ದಾಖಲಿಸಿದ. ಕೋಳಿಯ ಪಾಡು ನೆನೆದರೆ ಅಯ್ಯೋ ಅನಿಸುತ್ತದೆ, ಆದರೂ ಇದು ಫಾರ್ವರ್ಡ್ ಮಾಡುವ ಮೊದಲು ಪರೀಕ್ಷೆ ಮಾಡಿದ ಮನುಷ್ಯ. ಹಾಗೆಂದು ಪೂರ್ತಿ ವಿಚಾರವಾದಿಯೇನಲ್ಲ. ಜ್ಯೋತಿಷಿಗಳ ಮಾತು ಕೇಳುತ್ತಿದ್ದ, ಹುಟ್ಟುಹಬ್ಬಕ್ಕೆ ಚಿನ್ನದಲ್ಲಿ ತುಲಾಭಾರ ಮಾಡಿಸಿಕೊಳ್ಳುತ್ತಿದ್ದ.

ಲಾಲ್ ಆತನಿಗೆ ಏಕೆ ಅಷ್ಟು ಮುಖ್ಯ? ಉತ್ತರ 1621ರ ಒಂದು ಘಟನೆಯಲ್ಲಿದೆ. ಇರಾನಿನ ಷಾ ಅಬ್ಬಾಸ್ ಒಂದು ಲಾಲ್ ಕಳಿಸಿದ. ಅದರ ಮೇಲೆ ಉಲುಗ್ ಬೇಗ್‌ನ ಹೆಸರಿತ್ತು. ಉಲುಗ್ ಬೇಗ್ ತೈಮೂರನ ಮೊಮ್ಮಗ. ತೈಮೂರ್ ಮೊಘಲರ ಮೂಲಪುರುಷ. ಜಹಾಂಗೀರ್ ಅದರ ಇನ್ನೊಂದು ಮೂಲೆಯಲ್ಲಿ ತನ್ನ ಮತ್ತು ಅಕ್ಬರನ ಹೆಸರು ಕೆತ್ತಿಸಿದ. ದಖನ್‌ನಿಂದ ಗೆಲುವಿನ ಸುದ್ದಿ ಬಂದಾಗ ಅದನ್ನೇ ಮಗ ಷಾಜಹಾನನಿಗೆ ಕಳಿಸಿಕೊಟ್ಟ. ಲಾಲ್ ಎಂದರೆ ಅವರಿಗೆ ವಂಶಾವಳಿ ಬರೆದಿಡುವ ಪತ್ರದಂತೆ. ಅದಕ್ಕೇ ಮುಖಗಳನ್ನು ಕತ್ತರಿಸದೆ, ಹರಳು ಇದ್ದ ಆಕಾರದಲ್ಲೇ ಉಜ್ಜಿ ಹೊಳಪು ಕೊಡುತ್ತಿದ್ದರು. ಕತ್ತರಿಸಿದರೆ ತೂಕವೂ ಹೋಗುತ್ತದೆ, ಹೆಸರೂ ಹೋಗುತ್ತದೆ.

ಇನ್ನು ನಮ್ಮ ಇಂದಿನ ಮಾತು. ಗಣಿಯಲ್ಲಿ ಸಿಗುವ ಸ್ಪಿನೆಲ್ ತಾನೇ ಒಂದು ಅಸಲಿ ರತ್ನ. ಮೋಸವಾಗುವುದು ಅದನ್ನು ಮಾಣಿಕ್ಯವೆಂದು ಹೇಳಿ ಮಾರಿದಾಗ. ಕಾರ್ಖಾನೆಯಲ್ಲಿ ತಯಾರಾಗುವ ಸ್ಪಿನೆಲ್ ಕೂಡ ಇದೆ, ಬೇರೆ ರತ್ನಗಳ ಬದಲಿಗೆ ಅಗ್ಗದ ಆಭರಣಗಳಲ್ಲಿ ಕೂರಿಸುವುದು ಹೆಚ್ಚಾಗಿ ಅದನ್ನೇ. ಅಜ್ಜಿಯ ಉಂಗುರದ ಕೆಂಪು ಹರಳು ಇವುಗಳಲ್ಲಿ ಯಾವುದು ಎಂದು ಫೋಟೋ ನೋಡಿ ಯಾರೂ ಹೇಳಲಾರರು. ಮಾಣಿಕ್ಯದೊಳಗೆ ಬೆಳಕು ಎರಡಾಗಿ ಸೀಳುತ್ತದೆ, ಸ್ಪಿನೆಲ್‌ನಲ್ಲಿ ಸೀಳುವುದಿಲ್ಲ; ಪ್ರಯೋಗಾಲಯದಲ್ಲಿ ಇದು ನಿಮಿಷಗಳ ಕೆಲಸ. ಮಾರುವ ಅಥವಾ ಕೊಳ್ಳುವ ಮೊದಲು ಲಿಖಿತ ವರದಿ ಕೇಳಿ.

ಜಹಾಂಗೀರ್ 1627ರಲ್ಲಿ ಕಾಶ್ಮೀರದಿಂದ ಲಾಹೋರಿಗೆ ಮರಳುವ ದಾರಿಯಲ್ಲಿ ತೀರಿಕೊಂಡ. ಸಮಾಧಿ ಲಾಹೋರ್ ಬಳಿಯ ಶಾಹ್‌ದರಾದಲ್ಲಿದೆ. ಆತನ ಹೆಸರು ಹೊತ್ತ, 350 ಕ್ಯಾರೆಟ್‌ಗೂ ಹೆಚ್ಚು ತೂಗುವ ಆ ಕೆಂಪು ಹರಳನ್ನು ಈಸ್ಟ್ ಇಂಡಿಯಾ ಕಂಪನಿ 1849ರಲ್ಲಿ ಲಾಹೋರ್ ಖಜಾನೆಯಿಂದ ವಶಪಡಿಸಿಕೊಂಡು ರಾಣಿ ವಿಕ್ಟೋರಿಯಾಗೆ ಒಪ್ಪಿಸಿತು. ಅದರ ಮೇಲೆ ಷಾಜಹಾನ್, ನಾದಿರ್ ಷಾ, ಅಹ್ಮದ್ ಷಾ ದುರಾನಿಯ ಹೆಸರುಗಳೂ ಇವೆ. ತೈಮೂರನ ಹೆಸರು ಮಾತ್ರ ಇಲ್ಲ. ಅದು ಆತನ ಬಳಿ ಇದ್ದೇ ಇರಲಿಲ್ಲ ಎಂದು ಸಂಶೋಧಕರು ತೋರಿಸಿಕೊಟ್ಟಿದ್ದಾರೆ. ತೈಮೂರ್ ರೂಬಿಯಲ್ಲಿ ರೂಬಿಯೂ ಇಲ್ಲ, ತೈಮೂರನೂ ಇಲ್ಲ.