ಸೆರೆಮನೆಯ ಬಾಗಿಲಿನಿಂದ ಸೆಟ್ಲ್‌ಮೆಂಟಿಗೆ: ಫ್ರೆಡರಿಕ್ ಬೂತ್-ಟಕ್ಕರ್‌ನ ಬದುಕು

ಅಪರಾಧಿ ಬುಡಕಟ್ಟುಗಳೆಂಬ ಹಣೆಪಟ್ಟಿಯನ್ನು ಹೊತ್ತ ಸಮುದಾಯಗಳ ಕುರಿತು ಕನ್ನಡದಲ್ಲಿ ನಡೆದಿರುವ ಅಧ್ಯಯನಗಳು 1871ರ ಕಾಯಿದೆಯಿಂದ ಆರಂಭಿಸುವುದು ವಾಡಿಕೆ. ಆ ಕಾಯಿದೆಗೆ ಸುಧಾರಣೆಯ ಮುಖವನ್ನು ಒದಗಿಸಿದವರತ್ತ ಹರಿದ ಗಮನ ಕಡಿಮೆ. ಅವರಲ್ಲಿ ಪ್ರಮುಖನಾದವನು ಸಾಲ್ವೇಶನ್ ಆರ್ಮಿಯ ಫ್ರೆಡರಿಕ್ ಬೂತ್-ಟಕ್ಕರ್.

ಟಕ್ಕರ್ 1853ರಲ್ಲಿ ಬಿಹಾರದ ಮುಂಗೇರಿನಲ್ಲಿ ಹುಟ್ಟಿದ. ಅಜ್ಜ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕ ಮಂಡಳಿಯ ಅಧ್ಯಕ್ಷನಾಗಿದ್ದವನು. ಮೊಮ್ಮಗನೂ ಸಿವಿಲ್ ಸರ್ವಿಸ್ ಸೇರಿ ಪಂಜಾಬಿನಲ್ಲಿ ಅಸಿಸ್ಟಂಟ್ ಕಮಿಷನರನಾದ. ಜನರಿಗೆ ಶಿಕ್ಷೆ ವಿಧಿಸುವ ಅಧಿಕಾರವಿದ್ದ ಆ ಹುದ್ದೆಯನ್ನು 1881ರಲ್ಲಿ ತೊರೆದು, ವಿಲಿಯಂ ಬೂತ್ ಲಂಡನ್ನಿನಲ್ಲಿ ಕಟ್ಟಿದ್ದ ಸಾಲ್ವೇಶನ್ ಆರ್ಮಿಯನ್ನು ಸೇರಿದ. 1882ರ ಸೆಪ್ಟೆಂಬರಿನಲ್ಲಿ ಮೂವರು ಸಂಗಡಿಗರೊಂದಿಗೆ ಮುಂಬಯಿಯಲ್ಲಿ ಇಳಿದವನು ಕಾವಿ ಉಟ್ಟು, ಬರಿಗಾಲಲ್ಲಿ ನಡೆದು, ಫಕೀರ್ ಸಿಂಗ್ ಎಂದು ಹೆಸರಿಟ್ಟುಕೊಂಡ. ಬಿಳಿಯನೊಬ್ಬ ಹೀಗೆ ಬೀದಿಯಲ್ಲಿ ಬೇಡಿ ಉಣ್ಣುವುದು ಮುಂಬಯಿ ಪೊಲೀಸರಿಗೆ ಆಳುವವರ ಮರ್ಯಾದೆಯ ಪ್ರಶ್ನೆಯಾಗಿ ಕಂಡಿತು. ಮೆರವಣಿಗೆಯ ನಿಷೇಧವನ್ನು ಮೀರಿದ್ದಕ್ಕಾಗಿ 1883ರಲ್ಲಿ ಆತನೇ ಸೆರೆಮನೆಯನ್ನು ಕಂಡ. ಕೇಶವಚಂದ್ರ ಸೇನರಂಥವರು ಆತನ ಪರವಾಗಿ ನಿಂತರು.

ಅದೇ 1883ರ ಕೊನೆಯಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್‌ನಲ್ಲಿ ಸಾಲ್ವೇಶನ್ ಆರ್ಮಿಯು ಬಿಡುಗಡೆಯಾದ ಕೈದಿಗಳಿಗೆ ಒಂದು ಮನೆಯನ್ನು ತೆರೆಯಿತು. ಶಿಕ್ಷೆ ಮುಗಿಸಿ ಹೊರಬಂದವನನ್ನು ಸೆರೆಮನೆಯ ಬಾಗಿಲಲ್ಲೇ ಎದುರುಗೊಂಡು, ಊಟ, ವಸತಿ, ಕೆಲಸ ಒದಗಿಸುವುದು ಇದರ ಕ್ರಮ. ಅಲ್ಲಿ ಶಿಕ್ಷೆ ಮುಗಿದಿತ್ತು. ಮನೆಗೆ ಬರುವುದೂ ಬಿಡುವುದೂ ಆತನ ಇಚ್ಛೆ. ಮುಂದಿನ ಚರ್ಚೆಗೆ ಈ ಅಂಶ ಮುಖ್ಯ.

ಮೊದಲ ಪತ್ನಿ ಲೂಯಿಸಾ 1887ರಲ್ಲಿ ತೀರಿಕೊಂಡಳು. ಮರುವರ್ಷ ಸಂಸ್ಥಾಪಕನ ಮಗಳು ಎಮ್ಮಾಳನ್ನು ಮದುವೆಯಾಗಿ ಆಕೆಯ ಮನೆತನದ ಹೆಸರನ್ನು ತನ್ನದರೊಂದಿಗೆ ಜೋಡಿಸಿಕೊಂಡ. 1896ರಿಂದ ಅಮೆರಿಕದಲ್ಲಿದ್ದು, ನಗರದ ಬಡವರಿಗಾಗಿ ಕೊಲೊರಾಡೊ, ಕ್ಯಾಲಿಫೋರ್ನಿಯಾ, ಒಹಾಯೊಗಳಲ್ಲಿ ಕೃಷಿ ವಸಾಹತುಗಳನ್ನು ನಡೆಸಿದ. ಅವು ಬಹುಕಾಲ ಬಾಳಲಿಲ್ಲ. 1903ರ ರೈಲು ಅಪಘಾತದಲ್ಲಿ ಎಮ್ಮಾ ಸತ್ತಳು. ಆದರೂ ಜನರನ್ನು ಒಂದೆಡೆ ನೆಲೆಗೊಳಿಸಿ, ದುಡಿಮೆ ಕಲಿಸಿ ಬದಲಿಸಬಹುದೆಂಬ ನಂಬಿಕೆ ಆತನಲ್ಲಿ ಉಳಿಯಿತು. ಆ ನಂಬಿಕೆಯನ್ನು ಹೊತ್ತೇ 1907ರಲ್ಲಿ ಭಾರತಕ್ಕೆ ಮರಳಿದ.

1908ರಲ್ಲಿ ಗೋರಖಪುರದ ಡೋಮರ ವಸತಿಯನ್ನು ಸಂಯುಕ್ತ ಪ್ರಾಂತದ ಸರಕಾರ ಸಾಲ್ವೇಶನ್ ಆರ್ಮಿಗೆ ವಹಿಸಿತು. 1911ರ ಕಾಯಿದೆಯ ನಂತರ ಇಂಥ ವಸತಿಗಳು ಹಲವು ಪ್ರಾಂತಗಳಿಗೆ ಹಬ್ಬಿದವು. ಆಂಧ್ರದ ಸ್ಟುವರ್ಟ್‌ಪುರಂ ಅವುಗಳಲ್ಲೊಂದು. ನೇಯ್ಗೆ ಮತ್ತು ರೇಷ್ಮೆ ಆತನ ಮೆಚ್ಚಿನ ಕಸುಬುಗಳು. ಜಮಶೇಟಜಿ ಟಾಟಾ ಬೆಂಗಳೂರಿನಲ್ಲಿ ಸ್ಥಾಪಿಸಿದ್ದ ರೇಷ್ಮೆ ತೋಟವು 1910ರಲ್ಲಿ ಸಾಲ್ವೇಶನ್ ಆರ್ಮಿಯ ಕೈಗೆ ಬಂದದ್ದು ಈ ಆಸಕ್ತಿಗೆ ಹೊಂದುವಂಥದು. ಬಸವನಗುಡಿಯ ಆಸುಪಾಸಿನಲ್ಲಿ ಟಾಟಾ ಸಿಲ್ಕ್ ಫಾರ್ಮ್ ಎಂಬ ಹೆಸರು ಇಂದಿಗೂ ಬಳಕೆಯಲ್ಲಿದೆ. ಆ ನಡುವಿನ ಅಧ್ಯಾಯವನ್ನು ನೆನೆಯುವವರು ವಿರಳ.

ಗೋರಖಪುರದ ವಸತಿಯನ್ನು ಮೆಲ್ಬರ್ನ್‌ನ ಮನೆಯ ಮುಂದುವರಿಕೆಯೆಂದು ಸಂಸ್ಥೆಯ ಬರಹಗಳು ಕಾಣುತ್ತವೆ. ಈ ಗ್ರಹಿಕೆಯನ್ನು ಒಪ್ಪುವುದು ಕಷ್ಟ. ವಸತಿಗೆ ಸೇರಿದವರಲ್ಲಿ ಅನೇಕರು ಯಾವ ನ್ಯಾಯಾಲಯದಿಂದಲೂ ಶಿಕ್ಷೆ ಪಡೆದವರಲ್ಲ. ಹುಟ್ಟಿದ ಕುಲವೇ ಅವರ ಅಪರಾಧ. ಹಾಜರಿ ಹಾಕಬೇಕು, ಪರವಾನಗಿ ಇಲ್ಲದೆ ಊರು ಬಿಡುವಂತಿಲ್ಲ. ಶಿಕ್ಷೆಯೇ ಇಲ್ಲದಲ್ಲಿ ಬಿಡುಗಡೆಯ ದಿನವಾದರೂ ಎಲ್ಲಿಯದು? ಬೂತ್-ಟಕ್ಕರ್ ತನ್ನ ಪುಸ್ತಕಕ್ಕೆ ಇಟ್ಟ 'ಕ್ರಿಮಿನೋಕ್ಯೂರಾಲಜಿ' ಎಂಬ ಹೆಸರೇ ಅಪರಾಧವನ್ನು ವಾಸಿ ಮಾಡಬೇಕಾದ ರೋಗವಾಗಿಸಿತು. ಮದ್ರಾಸ್ ಪ್ರಾಂತದ ಕೊರವರನ್ನು ಕುರಿತ ಮೀನಾ ರಾಧಾಕೃಷ್ಣ ಅವರ 2001ರ ಅಧ್ಯಯನವು ಈ ಸುಧಾರಣೆಯು ಅಗ್ಗದ ದುಡಿಮೆಯ ಅಗತ್ಯದೊಂದಿಗೆ ಹೆಣೆದುಕೊಂಡ ಬಗೆಯನ್ನು ತೋರಿಸಿದೆ. ಹಾಗೆಂದು ಆತನನ್ನು ಬರಿಯ ಸರಕಾರದ ಕೈಗೊಂಬೆ ಎಂದು ತಳ್ಳಿಹಾಕುವುದೂ ಸರಿಯಲ್ಲ. ಪೊಲೀಸರ ಲಾಠಿಯ ಬದಲು ಮಗ್ಗ, ಶಾಲೆ, ಆಸ್ಪತ್ರೆಗಳ ಮಾತನ್ನು ಆಡಳಿತಗಾರರ ಮುಂದೆ ಆಡಿದವರು ಆಗ ಹೆಚ್ಚಿರಲಿಲ್ಲ.

ಉತ್ತರ ಕರ್ನಾಟಕದಲ್ಲಿ ಇದೇ ಚಿಂತನೆ ಸರಕಾರಿ ರೂಪ ಪಡೆಯಿತು. ತುಳಸಿಗೇರಿ, ಬಾಗಲಕೋಟೆ, ಹುನಗುಂದದ ಸೀಮೆಯು 1997ರವರೆಗೆ ವಿಜಾಪುರ ಜಿಲ್ಲೆಯ ಭಾಗವಾಗಿತ್ತು. ಆ ವಿಜಾಪುರದಲ್ಲಿಯೇ 1910ರ ಸುಮಾರಿಗೆ ಸಿವಿಲ್ ಸರ್ವಿಸಿನ ಓ.ಎಚ್.ಬಿ. ಸ್ಟಾರ್ಟ್ ವಸತಿಯ ಕೆಲಸವನ್ನು ಆರಂಭಿಸಿದ. ಹರಣಶಿಕಾರಿ, ಗಂಟಿಚೋರ ಸಮುದಾಯಗಳು ಇದರ ವ್ಯಾಪ್ತಿಗೆ ಬಂದವು. ಗದಗ, ಹುಬ್ಬಳ್ಳಿಗಳಿಗೂ ಅದು ವಿಸ್ತರಿಸಿತು. ಇದೇ ಸ್ಟಾರ್ಟ್ 1928ರಲ್ಲಿ ಮುಂಬಯಿ ಸರಕಾರ ನೇಮಿಸಿದ ಸಮಿತಿಯ ಅಧ್ಯಕ್ಷನಾದ. ಅಂಬೇಡ್ಕರ್ ಅದರ ಸದಸ್ಯರಾಗಿದ್ದರು.

ಬೂತ್-ಟಕ್ಕರ್‌ಗೆ 1913ರಲ್ಲಿ ಕೈಸರ್-ಇ-ಹಿಂದ್ ಪದಕ ದೊರೆಯಿತು. 1919ರಲ್ಲಿ ಭಾರತವನ್ನು ಬಿಟ್ಟ ಆತ 1929ರಲ್ಲಿ ಇಂಗ್ಲೆಂಡಿನಲ್ಲಿ ತೀರಿಕೊಂಡ. ಕಾಯಿದೆ ರದ್ದಾದದ್ದು 1952ರಲ್ಲಿ. ತಂತಿಬೇಲಿ ಹೋದರೂ ಹುಬ್ಬಳ್ಳಿಯ ಆ ಬಡಾವಣೆಗೆ ಸೆಟ್ಲ್‌ಮೆಂಟ್ ಎಂಬ ಹೆಸರು ಉಳಿದಿದೆ.