ಆಲ್‌ಫ್ರೆಡ್ ಚಾಟರ್ಟನ್

ಸರ್ ಆಲ್‌ಫ್ರೆಡ್ ಚಾಟರ್ಟನ್ (1866–1958) ಬ್ರಿಟಿಷ್ ಎಂಜಿನಿಯರ್ ಹಾಗೂ ಮೈಸೂರು ಸಂಸ್ಥಾನದ ಕೈಗಾರಿಕೆ ಮತ್ತು ವಾಣಿಜ್ಯ ಇಲಾಖೆಯ ನಿರ್ದೇಶಕರಾಗಿದ್ದವರು. ಸಂಸ್ಥಾನದಲ್ಲಿ ಶ್ರೀಗಂಧದ ಎಣ್ಣೆಯ ಉದ್ಯಮವನ್ನು ಸ್ಥಾಪಿಸುವುದರಲ್ಲಿ ಇವರ ಪಾತ್ರ ಪ್ರಮುಖವಾದುದು.

ಮದರಾಸಿನ ಸೇವೆ

1888ರಲ್ಲಿ ಭಾರತಕ್ಕೆ ಬಂದ ಚಾಟರ್ಟನ್ ಮದರಾಸಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. 1898ರಲ್ಲಿ ಅಲ್ಲಿನ ಕಲಾಶಾಲೆಯಲ್ಲಿ ಅಲ್ಯೂಮಿನಿಯಂ ಪಾತ್ರೆಗಳ ತಯಾರಿಕೆಯನ್ನು ಆರಂಭಿಸಿದರು. ಬಳಿಕ ಕ್ರೋಮ್ ವಿಧಾನದಿಂದ ಚರ್ಮ ಹದಮಾಡುವ ಪ್ರಯೋಗಗಳನ್ನು ನಡೆಸಿದರು. ಹೊಸ ಉದ್ಯಮಗಳಿಗೆ ಸರ್ಕಾರವೇ ಮೊದಲು ಮುಂದಾಗಿ ದಾರಿ ತೋರಬೇಕೆಂಬುದು ಅವರ ನಿಲುವಾಗಿತ್ತು. ಆದರೆ ಸರ್ಕಾರ ಕಾರ್ಖಾನೆ ನಡೆಸುವುದನ್ನು ಭಾರತ ಸಚಿವ ಲಾರ್ಡ್ ಮಾರ್ಲಿ 1910ರಲ್ಲಿ ಒಪ್ಪಲಿಲ್ಲ.

ಮೈಸೂರು ಮತ್ತು ಶ್ರೀಗಂಧದ ಎಣ್ಣೆ

1912ರಲ್ಲಿ ಚಾಟರ್ಟನ್ ಮೈಸೂರಿಗೆ ಬಂದರು. ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ಸರ್ ಎಂ. ವಿಶ್ವೇಶ್ವರಯ್ಯನವರ ಆಡಳಿತದಲ್ಲಿ ಅವರ ನಿಲುವಿಗೆ ಅವಕಾಶ ದೊರೆಯಿತು. ಆಗ ಶ್ರೀಗಂಧದ ಮರದ ಮೇಲೆ ಸರ್ಕಾರಕ್ಕೇ ಪೂರ್ಣ ಹಕ್ಕಿತ್ತು. ಮರವನ್ನು ಗಂಧದ ಕೋಠಿಗಳಲ್ಲಿ ಸಂಗ್ರಹಿಸಿ ಹರಾಜು ಹಾಕಲಾಗುತ್ತಿತ್ತು. ಹಾಸನ ನಗರದಲ್ಲಿ ಈ ಹೆಸರು ಇಂದಿಗೂ ಉಳಿದಿದೆ. ಎಣ್ಣೆ ತೆಗೆಯುವ ಕೆಲಸ ಮಾತ್ರ ಹೆಚ್ಚಾಗಿ ಯುರೋಪಿನಲ್ಲಿ, ಮುಖ್ಯವಾಗಿ ಜರ್ಮನಿಯಲ್ಲಿ ನಡೆಯುತ್ತಿತ್ತು.

1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದಾಗ ಈ ವ್ಯಾಪಾರಕ್ಕೆ ತಡೆಯುಂಟಾಗಿ, ಸಂಸ್ಥಾನದ ಆದಾಯಕ್ಕೆ ಪೆಟ್ಟು ಬಿತ್ತು. ಎಣ್ಣೆಯನ್ನು ಇಲ್ಲಿಯೇ ತೆಗೆಯಲು ಸಾಧ್ಯವೇ ಎಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜೆ. ಜೆ. ಸಡ್‌ಬರೋ ಮತ್ತು ಎಚ್. ಇ. ವಾಟ್ಸನ್ ಪರೀಕ್ಷಿಸಿದರು. ಅವರ ಪ್ರಯೋಗಗಳು ಫಲಿಸಿದ ಮೇಲೆ 1916ರಲ್ಲಿ ಬೆಂಗಳೂರಿನಲ್ಲಿಯೂ 1917ರಲ್ಲಿ ಮೈಸೂರಿನಲ್ಲಿಯೂ ಸರ್ಕಾರಿ ಕಾರ್ಖಾನೆಗಳು ಆರಂಭವಾದವು.

ತಯಾರಿಕೆಯ ವಿಧಾನ

ಮರದ ಚೇಗು ಮತ್ತು ಬೇರನ್ನು ಪುಡಿಮಾಡಿ ಅದರ ಮೂಲಕ ಹಬೆ ಹಾಯಿಸಲಾಗುತ್ತದೆ. ಹಬೆಯೊಡನೆ ಹೊರಬರುವ ಎಣ್ಣೆಯ ಆವಿಯನ್ನು ತಣಿಸಿದಾಗ ಎಣ್ಣೆಯು ನೀರಿನಿಂದ ಬೇರ್ಪಡುತ್ತದೆ. ಅದರ ಸುವಾಸನೆಗೆ ಮುಖ್ಯ ಕಾರಣ ಆಲ್ಫಾ ಮತ್ತು ಬೀಟಾ ಸ್ಯಾಂಟಲಾಲ್ ಎಂಬ ಸಂಯುಕ್ತಗಳು. ಸುಗಂಧದ್ರವ್ಯ, ಔಷಧ ಮತ್ತು ಸಾಬೂನುಗಳಲ್ಲಿ ಈ ಎಣ್ಣೆಯನ್ನು ಬಳಸಲಾಗಿದೆ. ಮುಂದೆ ಎಸ್. ಜಿ. ಶಾಸ್ತ್ರಿಯವರು ರೂಪಿಸಿದ ಮೈಸೂರು ಸ್ಯಾಂಡಲ್ ಸಾಬೂನಿಗೂ ಇದೇ ಆಧಾರವಾಯಿತು.

ನಂತರದ ವರ್ಷಗಳು

ಚಾಟರ್ಟನ್ 1916ರಲ್ಲಿ ಸರ್ ಥಾಮಸ್ ಹಾಲೆಂಡ್ ಅಧ್ಯಕ್ಷತೆಯ ಭಾರತೀಯ ಕೈಗಾರಿಕಾ ಆಯೋಗದ ಸದಸ್ಯರಾದರು. 1918ರಲ್ಲಿ ಸಲ್ಲಿಸಿದ ವರದಿಯಲ್ಲಿ ಆಯೋಗವು ಕೈಗಾರಿಕಾಭಿವೃದ್ಧಿಯಲ್ಲಿ ಸರ್ಕಾರ ಸಕ್ರಿಯವಾಗಿ ಪಾಲ್ಗೊಳ್ಳಬೇಕೆಂದು ಶಿಫಾರಸು ಮಾಡಿತು. ಮದರಾಸಿನಲ್ಲಿ ತಿರಸ್ಕೃತವಾಗಿದ್ದ ನಿಲುವಿಗೆ ಹೀಗೆ ಅಧಿಕೃತ ಬೆಂಬಲ ದೊರೆಯಿತು. 1919ರಲ್ಲಿ ಅವರಿಗೆ ಸರ್ ಪದವಿ ನೀಡಲಾಯಿತು. 1958ರಲ್ಲಿ ಅವರು ನಿಧನರಾದರು.